ಮೊದಲ ಗುಟುಕು

ಮೊನ್ನೆ ಶಿರಸಿ ಪೇಟೆಗೆ ಮಾವಿನ ಅಪ್ಪೆಮಿಡಿ ಬಂದಿತ್ತು. ಹೊಳೆದಂಡೆಯ ಮರದ್ದು ಎಂದು ಮಾರುವವ ಆಣೆ ಹಾಕಿದ. ಆಣೆ ಹಾಕುವವರನ್ನು ನಾನು ನಂಬುವುದಿಲ್ಲ. ಒಂದು ಮಿಡಿಯ ತೊಟ್ಟು ಮುರಿದು ಸೊನೆ ಮೂಸಿ ನೋಡಿದೆ. ಜೀರಿಗೆಯ ವಾಸನೆ ಮೂಗಿಗೆ ಹೊಡೆಯಿತು. ಪುಣ್ಯಾತ್ಮ ಸುಳ್ಳು ಹೇಳಿರಲಿಲ್ಲ. ಆದರೆ ನನಗೆ ಕೊಳ್ಳುವುದೇ ಮರೆತುಹೋಯಿತು. ಬೆರಳನ್ನು ಮೂಗಿನ ಹತ್ತಿರ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಖಾನಾವಳಿಯ ಅಕ್ಕನ ಕೈಯಿಂದ ಯಾವಾಗಲೂ ಇದೇ ವಾಸನೆ ಬರುತ್ತಿತ್ತು...

ನಾನು ಬಸ್ ಕಂಡಕ್ಟರ್ ಆಗಿದ್ದವನು. ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಕಣ್ಣು ಮುಚ್ಚಿ ಕೂತವನಿಗೆ ನಿಜವಾಗಿ ನಿದ್ದೆ ಬಂದಿದೆಯೋ, ಟಿಕೆಟ್ ತಪ್ಪಿಸುವ ಉಪಾಯವೋ. ಅರ್ಧ ಟಿಕೆಟ್ ಕೇಳುವ ತಾಯಿ ಮಗನ ವಯಸ್ಸನ್ನು ಸರಿಯಾಗಿ ಹೇಳುತ್ತಿದ್ದಾಳೋ, ಇಲ್ಲವೋ. ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ. ಆ ಚಾಳಿ ನಿವೃತ್ತಿಯಾದ ಮೇಲೂ ಹೋಗಿಲ್ಲ. ಮನೆಯಲ್ಲಿ ಹೆಂಡತಿ ಬೈದು ಬೈದು ಸೋತಿದ್ದಾಳೆ.

ಆಗ ನನಗೆ ಯಲ್ಲಾಪುರ–ಹುಬ್ಬಳ್ಳಿ ಬಸ್ಸಿನ ಡ್ಯೂಟಿ. ಯಲ್ಲಾಪುರದಲ್ಲಿ ಬಾಡಿಗೆ ರೂಮು. ಊರು ದಾಟಿ ಅರಬೈಲ್ ಕಡೆ ಹೊರಟರೆ ಲಾರಿಗಳು ಘಟ್ಟ ಇಳಿಯುವ ಮೊದಲು ನಿಲ್ಲುವ ಜಾಗದಲ್ಲಿ ಅಕ್ಕನ ಖಾನಾವಳಿ. ತಗಡಿನ ಮಾಡು, ನಾಲ್ಕು ಬೆಂಚು. ಅನ್ನ, ಸಾರು, ಪಲ್ಯ ಎಲ್ಲ ಕಡೆ ಸಿಗುವಂಥದ್ದೇ. ಆದರೆ ಅಪ್ಪೆಹುಳಿ ಮಾತ್ರ ಅವಳದ್ದೇ. ಉಪ್ಪುನೀರಿನಲ್ಲಿ ಹಾಕಿಟ್ಟ ಮಿಡಿ, ಜೀರಿಗೆಮೆಣಸು, ಮೇಲೊಂದು ಇಂಗಿನ ಒಗ್ಗರಣೆ. ಸ್ಟೀಲ್ ಲೋಟದಲ್ಲಿ ಕೊಡುತ್ತಿದ್ದಳು. ಗಂಗಾವತಿಯಿಂದ ಬರುವ ಡ್ರೈವರುಗಳೂ ಅದಕ್ಕಾಗಿ ಅಲ್ಲೇ ಲಾರಿ ನಿಲ್ಲಿಸುತ್ತಿದ್ದರು.

ಅವಳು ಸಿದ್ದಾಪುರ ಕಡೆಯವಳು. ಗಂಡ ಲಾರಿ ಡ್ರೈವರ್ ಆಗಿದ್ದವನು, ನಾನು ಅಲ್ಲಿಗೆ ಬರುವ ಮೊದಲೇ ತೀರಿಕೊಂಡಿದ್ದ. ಏನಾಗಿತ್ತು ಎಂದು ಕೇಳಿದರೆ ಎಲ್ಲರೂ ಜ್ವರ ಎನ್ನುತ್ತಿದ್ದರು. ಗಟ್ಟಿಮುಟ್ಟಾದ ಗಂಡಸನ್ನು ವರ್ಷಗಟ್ಟಲೆ ಒಣಗಿಸಿ ಒಯ್ಯುವ ಜ್ವರ ಎಂಥದ್ದು ಎಂದು ನನಗೆ ಆಗಲೇ ಗುಮಾನಿ ಇತ್ತು. ಕೇಳಲಿಲ್ಲ. ಊಟ ಹಾಕುವವಳನ್ನು ಅಷ್ಟೆಲ್ಲ ಕೇಳಬಾರದು.

ಆಗಾಗ ಅವಳು ಬೆಳಗಿನ ನನ್ನ ಬಸ್ಸಿಗೇ ಹುಬ್ಬಳ್ಳಿಗೆ ಬರುತ್ತಿದ್ದಳು. ಕಂಕುಳಲ್ಲಿ ಒಂದು ಬಟ್ಟೆಯ ಚೀಲ. ಹೋಗುವಾಗ ಸಪ್ಪಳವಿಲ್ಲ, ಬರುವಾಗ ಗಲಗಲ. ಆಸ್ಪತ್ರೆಯ ಸ್ಟಾಪಿನಲ್ಲಿ ಇಳಿದು ಸಂಜೆ ಅಲ್ಲಿಯೇ ಹತ್ತುತ್ತಿದ್ದಳು. ಒಂದು ದಿನ ಚೀಲದ ಬಾಯಿ ಸರಿದಾಗ ಒಳಗೆ ಎರಡು ಬಿಳಿ ಪ್ಲಾಸ್ಟಿಕ್ ಬಾಟ್ಲಿ ಕಂಡವು, ಖಾಲಿ. ಮೇಲೆ ಅಂಕಿ ಇತ್ತು, ಹೆಸರಿರಲಿಲ್ಲ. ನಾನು ಸುಮ್ಮನಿರುವ ಪೈಕಿ ಅಲ್ಲ.

"ಖಾಲಿ ಬಾಟ್ಲಿ ಎಂತಕ್ಕೆ ಹೊತ್ಕೊಂಡು ಹೋಗ್ತಿ ಅಕ್ಕಾ?"

"ಖಾಲಿ ತಿರುಗಿ ಕೊಟ್ರೆ ಮಾತ್ರ ತುಂಬಿದ್ದು ಕೊಡೂದು ತಮಾ" ಎಂದಳು.

ಬಸ್ಸಿನ ಮುಂದಿನ ಅರ್ಧದಲ್ಲಿ ಕೂತವರಿಗೆಲ್ಲ ಅದು ಕೇಳಿಸಿತು. ಬಸ್ಸಿನಲ್ಲಿ ಕೇಳಿದ ಮಾತು ಬಸ್ಸಿಗಿಂತ ಮೊದಲು ಊರು ಮುಟ್ಟುತ್ತದೆ.

ಮುಂದೆ ಒಮ್ಮೆ ಜ್ವರ ಬಂದು ಅವಳಿಗೆ ಹುಬ್ಬಳ್ಳಿಗೆ ಹೋಗಲು ಆಗಲಿಲ್ಲ. ಫೋನೂ ಎತ್ತಲಿಲ್ಲ. ಅವಳನ್ನು ಹುಡುಕಿಕೊಂಡು ಆಸ್ಪತ್ರೆಯ ಕಡೆಯಿಂದ ಒಬ್ಬ ಕನ್ನಡಕದವರು ಬಂದರು. ನಡುವಯಸ್ಸಿನವರು, ಬಯಲುಸೀಮೆಯ ಸಭ್ಯ ಮನುಷ್ಯ. ರೋಗದ ಹೆಸರು ಬಾಯಿಬಿಟ್ಟು ಹೇಳಬಾರದು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಖಾನಾವಳಿಯ ಆಚೆ ಬದಿಯ ಪಂಕ್ಚರ್ ಅಂಗಡಿಯಲ್ಲಿ ಬಹಳ ಹುಷಾರಾಗಿ ಕೇಳಿದರು: "ಔಷಧ ಪ್ರಯೋಗದಲ್ಲಿ ಇದ್ದಾರಲ್ಲ, ಆ ಅಮ್ಮನ ಮನೆ ಯಾವುದು?"

ಗುಟ್ಟು ಕಾಪಾಡಿದೆ ಎಂದುಕೊಂಡೇ ಅವರು ವಾಪಸು ಹೋಗಿರಬೇಕು. ಪಾಪ, ಅವರಿಗೆ ನಮ್ಮ ಕಡೆಯ ಮಾತು ಗೊತ್ತಿರಲಿಲ್ಲ. ಔಷಧಕ್ಕೆ ನಾವು ಮದ್ದು ಎನ್ನುತ್ತೇವೆ. ಊಟದಲ್ಲಿ ಕದ್ದು ಬೆರೆಸಿ, ತಿಂದವನನ್ನು ನಿಧಾನಕ್ಕೆ ಸೊರಗಿಸುತ್ತಾರೆ ಎಂದು ಜನ ಹೆದರುವುದಕ್ಕೂ ಮದ್ದು ಎಂದೇ ಹೆಸರು. ಪ್ರಯೋಗ ಎಂದರಂತೂ ಕೇಳುವುದೇ ಬೇಡ. ನಿಂಬೆಹಣ್ಣು, ಕುಂಕುಮ, ಮಾಟ. ಕನ್ನಡಕದವರ ಔಷಧ ಪ್ರಯೋಗ ರಸ್ತೆ ದಾಟುವಷ್ಟರಲ್ಲಿ ಮದ್ದಿನ ಪ್ರಯೋಗವಾಯಿತು. ಹೆಸರಿಲ್ಲದ ಬಾಟ್ಲಿ, ಖಾಲಿ ಒಯ್ದು ತುಂಬಿಸಿ ತರುವುದು, ಸೊರಗಿ ಸತ್ತ ಗಂಡ... ಎಲ್ಲವೂ ಕೂಡಿಬಂತು. ಗಂಡನಿಗೆ ಮೊದಲು ಹಾಕಿ ನೋಡಿದ್ದಾಳೆ, ಈಗ ಅಪ್ಪೆಹುಳಿಯಲ್ಲಿ ನಮಗೆ ಹಾಕುತ್ತಿದ್ದಾಳೆ ಎಂದರು. ಅಷ್ಟು ರುಚಿ ಸುಮ್ಮನೆ ಬರುತ್ತದೆಯೇ ಎಂದೂ ಕೇಳಿದರು.

ಬೆಂಚುಗಳು ಖಾಲಿಯಾಗತೊಡಗಿದವು. ನಾನು ಮಾತ್ರ ಹೋಗುವುದು ಬಿಡಲಿಲ್ಲ. ಅದೇನೂ ಧೈರ್ಯವಲ್ಲ, ಬೇರೆ ಕಡೆಯ ಸಾರು ಬಾಯಿಗೆ ಇಡುವ ಹಾಗಿರಲಿಲ್ಲ. ಒಂದು ಮಧ್ಯಾಹ್ನ ಹಾವೇರಿ ಕಡೆಯ ಡ್ರೈವರ್ ಒಬ್ಬ ಅಪ್ಪೆಹುಳಿಯ ಲೋಟವನ್ನು ಅವಳ ಕಡೆಗೇ ತಳ್ಳಿದ. "ಮೊದ್ಲ ನೀವ ಕುಡೀರಿ ಅಕ್ಕಾರ, ಆಮ್ಯಾಲ ನಮಗ ಕೊಡ್ರಿ" ಎಂದ. ಮದ್ದು ಹಾಕಿದವಳು ತಾನೇ ಅದನ್ನು ಕುಡಿಯಲಾರಳು ಎಂಬ ಲೆಕ್ಕಾಚಾರ. ಅವಳು ಇನ್ನೊಂದು ಲೋಟಕ್ಕೆ ಸ್ವಲ್ಪ ಬಗ್ಗಿಸಿಕೊಂಡು ಕುಡಿದಳು. ಅವನೂ ಕುಡಿದ. ಅಂದಿನಿಂದ ಅದೇ ಪದ್ಧತಿಯಾಯಿತು. ಯಾರೇ ಬಂದರೂ ಮೊದಲ ಗುಟುಕು ಅವಳದ್ದು.

ನನಗೆ ಸಿಟ್ಟು ಬಂತು. ಜನ ಎಲ್ಲ ಎದ್ದುಹೋದ ಮೇಲೆ ಕೇಳಿದೆ, ಮಾತ್ರೆ ನಿನಗಾಗಿ ಎಂದು ಒಂದು ಮಾತು ಹೇಳಿ ಇವರ ಬಾಯಿ ಮುಚ್ಚಿಸಬಾರದೇ ಎಂದು. ಅವಳು ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕುತ್ತಲೇ ರೋಗದ ಹೆಸರು ಹೇಳಿದಳು. ಎಚ್‌ಐವಿ. ಗಂಡನಿಂದ ಬಂದದ್ದು. ಹುಬ್ಬಳ್ಳಿಯಲ್ಲಿ ಅದಕ್ಕೆ ಹೊಸ ಮಾತ್ರೆಯೊಂದನ್ನು ಪರೀಕ್ಷೆ ಮಾಡುತ್ತಿದ್ದರಂತೆ, ಎಲ್ಲ ವಿವರಿಸಿ ಒಪ್ಪಿಗೆ ಕೇಳಿದ್ದರಂತೆ, ಇವಳು ಸೇರಿದ್ದಾಳಂತೆ.

"ಎರಡು ಬಾಟ್ಲಿ ಇರ್ತದೆ ತಮಾ. ಒಂದು ಹಳೇ ಮಾತ್ರೆಯ ಹಾಂಗೆ, ಒಂದು ಹೊಸಾದ್ರ ಹಾಂಗೆ. ದಿನಾ ಎರಡೂ ನುಂಗೂದು, ಮದ್ದು ಇರೂದು ಒಂದ್ರಲ್ಲೇ, ಇನ್ನೊಂದು ಬರೀ ಹಿಟ್ಟು. ನಂಗೆ ಬಂದದ್ದು ಹಳೇ ಮದ್ದೋ ಹೊಸಾದೋ ನಂಗೂ ಗೊತ್ತಿಲ್ಲ, ಕೊಡೂ ಡಾಕ್ಟ್ರಿಗೂ ಗೊತ್ತಿಲ್ಲ. ಎಲ್ಲಾ ಮುಗ್ದ ಮೇಲೆ ಹೇಳ್ತಾರಂತೆ."

ನನ್ನ ಅನುಮಾನಕ್ಕೆ ಇನ್ನೇನು ಬೇಕು! ಕೊಡುವವನಿಗೇ ಏನು ಕೊಡುತ್ತಿದ್ದೇನೆ ಎಂದು ಗೊತ್ತಿಲ್ಲವೇ? ನಾನು ಕೊಡುವ ಟಿಕೆಟ್ಟಿನ ಮೇಲೂ ಎಲ್ಲಿಂದ ಎಲ್ಲಿಗೆ ಎಂದು ಇರುತ್ತದೆ. ಬಡವರು ಎಂದು ನಿಮ್ಮ ಮೇಲೆ ಏನೋ ಮಾಡಿ ನೋಡುತ್ತಿದ್ದಾರೆ, ಬಿಟ್ಟುಬಿಡು ಎಂದೆ. ಅವಳು ನಕ್ಕಳು. ಗೊತ್ತಿದ್ದರೆ ಡಾಕ್ಟರರ ಮನಸ್ಸು ಹೊಸದರ ಕಡೆ ವಾಲುತ್ತದೆ, ಅದಕ್ಕೇ ಅವರಿಂದಲೂ ಮುಚ್ಚಿಡುವುದು ಎಂದು ನನಗೇ ತಿಳಿಹೇಳಿದಳು. ತೂಕ ಬಂದಿದೆ, ಮೈಮೇಲಿನ ಹುಣ್ಣು ಮಾಗಿದೆ ಎಂದಳು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ಕೇಳಿಸುತ್ತದೆ.

"ನಂಗೂ ಅನುಮಾನ ಇತ್ತು. ಆದ್ರೆ ಅವ್ರು ಗೊತ್ತಿಲ್ದೇ ಇದ್ದದ್ದನ್ನ ಗೊತ್ತಿಲ್ಲ ಹೇಳಿ ಹೇಳ್ತಾರೆ. ಇಲ್ಲಿಯವ್ರು ಹಾಂಗಲ್ಲ. ಮದ್ದು ಹಾಕ್ತೆ ಅಂದ್ರೆ ನಾ ಮೊದ್ಲು ಕುಡ್ದು ತೋರಿಸ್ತೆ. ಈ ರೋಗ ಇದ್ದು ಅಂತ ಗೊತ್ತಾದ್ರೆ, ನಾ ಕುಡ್ದ ಮೇಲೆ ಯಾರು ಕುಡೀತಾರೆ?"

ನನ್ನ ಲೋಟ ಎದುರಿಗೇ ಇತ್ತು. ಪದ್ಧತಿಯಂತೆ ಬೇರೆ ಲೋಟಕ್ಕೆ ಬಗ್ಗಿಸಿಕೊಳ್ಳಲು ಅವಳು ಕೈಚಾಚಿದಳು. ಅದರಲ್ಲೇ ಕುಡಿ ಎಂದೆ. ಅವಳು ಕುಡಿದುಕೊಟ್ಟದ್ದನ್ನು ತೆಗೆದುಕೊಂಡು ಕುಡಿದೆ. ಎಂಜಲಿನಿಂದ ಈ ರೋಗ ಬರುವುದಿಲ್ಲ ಎಂದು ನಮ್ಮ ಬಸ್ಸಿನ ಹಿಂಭಾಗದಲ್ಲೇ ದೊಡ್ಡದಾಗಿ ಬರೆಸಿದ್ದರು. ಅದನ್ನು ಹೊತ್ತುಕೊಂಡೇ ವರ್ಷಗಟ್ಟಲೆ ಓಡಾಡಿದ್ದೆ. ಆದರೂ ಬಾಯಿಗಿಡುವ ಮೊದಲು ಅವಳ ತುಟಿ ತಾಗಿದ ಅಂಚನ್ನು ಆಚೆ ತಿರುಗಿಸಿದ್ದೆ, ಸುಳ್ಳು ಯಾಕೆ ಹೇಳಲಿ. ಅವಳಿಗದು ಕಾಣಿಸಿತು. ಮತ್ತೆ ಪಾತ್ರೆ ತಿಕ್ಕಿದಳು.

ಒಂದು ಸಂಜೆ ಹುಬ್ಬಳ್ಳಿಯಿಂದ ವಾಪಸು ಬರುವಾಗ ಬಸ್ಸು ತುಂಬಿ ತುಳುಕುತ್ತಿತ್ತು. ಕಲಘಟಗಿ ದಾಟಿದ ಮೇಲೆ ಮುಂದಿನಿಂದ ಗಲಾಟೆ ಕೇಳಿಸಿತು. ಮದ್ದು ಹಾಕುವವಳು ಇವಳೇ ಎಂದು ಯಾರೋ ಅವಳ ಗುರುತು ಹಿಡಿದಿದ್ದರು. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ನಿಂತಿದ್ದಳು. "ಚೀಲ ಬಿಚ್ಚಸ್ರಿ ಕಂಡಕ್ಟರ್, ಏನೈತಿ ನೋಡೂಣು" ಎಂದು ಒಬ್ಬ ಕೂಗಿದ. ನಾನು ಹಿಂದಿನ ಬಾಗಿಲಿನ ಹತ್ತಿರ ಇದ್ದೆ. ಸೀಟಿ ಊದಿ ಬಸ್ಸು ನಿಲ್ಲಿಸಿ, ಜನರನ್ನು ಬೈಯುತ್ತ, ತಳ್ಳುತ್ತ ಮುಂದೆ ಹೋಗುವಷ್ಟರಲ್ಲಿ ಬಾಟ್ಲಿ ಅವನ ಕೈಯಲ್ಲಿತ್ತು. ಹೆಸರೇ ಇಲ್ಲ ನೋಡಿ ಎಂದು ಎಲ್ಲರಿಗೂ ತೋರಿಸುತ್ತಿದ್ದ. ನಿನ್ನದೇ ಆದರೆ ನಮ್ಮೆದುರಿಗೆ ನುಂಗು ಎಂದ.

ಅವಳು ಎರಡೂ ಬಾಟ್ಲಿಯಿಂದ ಮಾತ್ರೆ ತೆಗೆದು ನೀರಿಲ್ಲದೆ ನುಂಗಿದಳು. ಆ ದಿನದ್ದನ್ನು ಬೆಳಿಗ್ಗೆಯೇ ನುಂಗಿ ಆಗಿತ್ತು. ನಾನು ಆ ಮನುಷ್ಯನನ್ನು ಅಲ್ಲೇ ರಸ್ತೆಗೆ ಇಳಿಸಿದೆ. ಅದಕ್ಕಾಗಿ ಆಮೇಲೆ ಡಿಪೋದಲ್ಲಿ ಉತ್ತರ ಕೊಡಬೇಕಾಯಿತು. ಅವಳು ಕಿಟಕಿಯ ಕಡೆ ತಿರುಗಿ ಕೂತವಳು ಯಲ್ಲಾಪುರ ಬರುವವರೆಗೂ ಈಚೆ ನೋಡಲಿಲ್ಲ. ಇಳಿಯುವಾಗ ಮಾತ್ರ ಅಂದಳು: "ಅಲ್ಲಿ ದಿನದ ಲೆಕ್ಕ ಹಾಕಿ ಎಣಿಸಿ ಕೊಡ್ತಾರೆ ತಮಾ. ಮುಂದಿನ ಸಲದವರೆಗೆ ಮಾತ್ರೆ ಕಮ್ಮಿ ಬಂದ್ರೆ ಅವ್ರಿಗೂ ನನ್ನ ಮೇಲೆ ಅನುಮಾನ."

ಮುಂದಿನ ಸಲ ಎಂಬುದು ಬರಲಿಲ್ಲ. ಅವಳು ಮತ್ತೆ ನನ್ನ ಬಸ್ಸು ಹತ್ತಲಿಲ್ಲ. ಕೆಲವು ದಿನಗಳಲ್ಲಿ ಖಾನಾವಳಿಯ ಬಾಗಿಲಿಗೆ ಬೀಗ ಬಿತ್ತು. ಸಿದ್ದಾಪುರಕ್ಕೆ, ತಮ್ಮನ ಮನೆಗೆ ಹೋದಳು ಎಂದರು. ನನಗೂ ಹೇಳದೆ ಹೋದಳಲ್ಲ ಎಂದು ಬೇಜಾರಾಯಿತು.

ಬಹಳ ದಿನಗಳ ಮೇಲೆ ಕನ್ನಡಕದವರು ನನ್ನ ಬಸ್ಸಿನಲ್ಲೇ ಸಿಕ್ಕರು. ಅವಳನ್ನೇ ಹುಡುಕಿಕೊಂಡು ಹೊರಟಿದ್ದರು. ಆ ಸಂಜೆಯ ನಂತರ ಅವಳು ಆಸ್ಪತ್ರೆಗೆ ಬರಲೇ ಇಲ್ಲವಂತೆ. ಈಗ ಪರೀಕ್ಷೆ ಮುಗಿದಿತ್ತು, ಯಾರಿಗೆ ಯಾವ ಮಾತ್ರೆ ಬಂದಿತ್ತು ಎಂದು ತಿಳಿದಿತ್ತು, ಹೊಸದು ಒಳ್ಳೆಯದೆಂದೂ ಗೊತ್ತಾಗಿತ್ತು. ಅವಳಿಗೆ ಬಂದದ್ದು ಯಾವುದು ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು. "ಅದನ್ನ ಅವರಿಗೊಬ್ಬರಿಗೇ ಹೇಳಬಹುದು ಸರ್" ಎಂದರು. ಈ ಸಲ ಅವರು ಹುಷಾರಾಗಿಯೇ ಇದ್ದರು.

ರಜೆ ಹಾಕಿ ನಾನೇ ಸಿದ್ದಾಪುರಕ್ಕೆ ಹೋದೆ. ಅವಳ ತಮ್ಮ ಜಗುಲಿಯಿಂದ ಇಳಿಯಲಿಲ್ಲ. ಅವಳು ತೀರಿಕೊಂಡು ಒಂದು ಮಳೆಗಾಲ ಕಳೆಯಿತು ಎಂದ.

"ಎಂತ ಆಗಿತ್ತು?"

"ಜ್ವರ" ಎಂದ.

ನಾನು ನಂಬಲಿಲ್ಲ. ಈಗಲೂ ನಂಬುವುದಿಲ್ಲ. ಅವಳ ಮಾತ್ರೆ ನಿಂತದ್ದು ಆ ಸಂಜೆಯಿಂದ, ಆದರೆ ಆ ಬಸ್ಸಿನಲ್ಲಿದ್ದವರನ್ನು ಕೇಳಿದರೂ ಜ್ವರ ಎಂದೇ ಹೇಳುತ್ತಾರೆ...

ಮೊನ್ನೆ ಕಡೆಗೂ ಮಿಡಿ ತಂದೆ. ಹೆಂಡತಿ ಅಪ್ಪೆಹುಳಿ ಮಾಡಿ ಲೋಟದಲ್ಲಿ ತಂದುಕೊಟ್ಟಳು. ಉಪ್ಪು, ಹುಳಿ, ಖಾರ ಎಲ್ಲ ಸರಿಯಾಗಿಯೇ ಇರಬೇಕು. ಲೋಟ ಹಿಡಿದುಕೊಂಡು ಕೂತೇ ಇದ್ದೆ. ಅದರಲ್ಲಿ ಎಂತ ಹಾಕಿದ್ದೆ ಹೇಳಿ ನೋಡ್ತಿದ್ರಾ ಎಂದು ಹೆಂಡತಿ ರೇಗಿದಳು. ಅಲ್ಲ ಮಾರಾಯ್ತಿ, ಅನುಮಾನಕ್ಕಲ್ಲ ಎಂದೆ. ಲೋಟ ತುಂಬಿತ್ತು. ಯಾರೂ ಒಂದು ಗುಟುಕು ಕುಡಿದಿರಲಿಲ್ಲ.