ಅಡವಿಗೆ ಹೋಗಲು ಒಂದು ನೆವ

ನನ್ನ ಮದುವೆ ಒಮ್ಮೆ ಇನ್ನೇನು ತಪ್ಪಿಹೋಗುವುದರಲ್ಲಿತ್ತು. ಕಾರಣ ಇಷ್ಟೇ: ನಾನು ದಿನಾಲೂ ಅಡವಿಯಲ್ಲಿ ಸುಮ್ಮನೆ ಅಡ್ಡಾಡುತ್ತಿದ್ದೆ. ಇದನ್ನು ಈಗಿನವರ ಮುಂದೆ ಹೇಳಿದರೆ ನಂಬುವುದಿಲ್ಲ. ಈಗ ಲಿಂಗಸುಗೂರಿನ ರಸ್ತೆಯ ಮೇಲೆ ಬೆಳಿಗ್ಗೆ ಬೂಟು ಹಾಕಿಕೊಂಡು ಕೈಬೀಸಿ ನಡೆಯುವವರಿಗೆ ಡಾಕ್ಟರೇ ಹೇಳಿ ಕಳಿಸಿರುತ್ತಾರೆ. ಎಂಬತ್ತರ ದಶಕದ ಕೊನೆಯಲ್ಲಿ ಹಾಗಿರಲಿಲ್ಲ. ಆಗ ನಡೆಯುವವನು ಎಲ್ಲಿಗಾದರೂ ಹೋಗುತ್ತಿರಬೇಕು, ಇಲ್ಲವೇ ಎಲ್ಲಿಂದಾದರೂ ಬರುತ್ತಿರಬೇಕು. ಎರಡೂ ಅಲ್ಲದವನ ಮೇಲೆ ಊರು ಒಂದು ಕಣ್ಣಿಟ್ಟಿರುತ್ತಿತ್ತು.

ನಾನು ದಢೇಸುಗೂರಿನ ಕಡೆಯವನು. ಕಾಲುವೆ ನೀರಿನ ಸೀಮೆ. ಕಣ್ಣು ಹರಿಯುವಷ್ಟು ದೂರ ಭತ್ತ, ಅದು ಮುಗಿದಲ್ಲಿ ಪಕ್ಕದವರ ಭತ್ತ. ನಡೆಯುವುದಕ್ಕೆ ಇದ್ದದ್ದು ಗದ್ದೆಗಳ ನಡುವಿನ ಒಡ್ಡು. ಅದರ ಮೇಲೆ ಹೋಗುವವನು ತನ್ನ ಹೆಬ್ಬೆರಳನ್ನು ಬಿಟ್ಟು ಬೇರೇನನ್ನೂ ನೋಡುವಂತಿಲ್ಲ. ಒಂದು ಕೊಕ್ಕರೆ ನೋಡಲು ತಲೆ ಎತ್ತಿದನೋ, ಮೊಣಕಾಲವರೆಗೆ ಕೆಸರು. ಹೀಗಾಗಿ ಇಪ್ಪತ್ತೈದು ವರ್ಷ ತುಂಬುವವರೆಗೂ ನಡೆಯುತ್ತ ನಡೆಯುತ್ತ ಆಕಾಶ ನೋಡಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ.

ಆಮೇಲೆ ಗುರುಗುಂಟಾದ ಆಚೆಗಿನ ಒಂದು ಊರಿನ ಹೈಸ್ಕೂಲಿಗೆ ಇತಿಹಾಸದ ಮಾಸ್ತರನಾಗಿ ಹೋದೆ. ಊರು ದಾಟಿ ಎರಡು ಮೈಲಿ ನಡೆದರೆ ಗುಡ್ಡದ ಮಗ್ಗುಲಲ್ಲಿ ಒಂದು ಅಡವಿ. ಅಡವಿ ಎಂದರೆ ಹುಲಿ, ಜಲಪಾತ ಏನೂ ಇಲ್ಲ. ಕಾರಿಗಿಡ, ಬಾರಿಗಿಡ, ಜಾಲಿ, ಮುತ್ತಲ, ನಡುನಡುವೆ ಸೀತಾಫಲ, ಅಲ್ಲೊಂದು ಇಲ್ಲೊಂದು ಹಳೆಯ ಹುಣಸೆ. ಬೇಸಿಗೆಯಲ್ಲಿ ಅರ್ಧಕ್ಕರ್ಧ ಗಿಡಗಳು ಬೋಳಾಗಿ ನಿಂತಿರುತ್ತಿದ್ದವು. ಆದರೆ ಒಳಗೆ ಹೊಕ್ಕರೆ ಎಂಥ ಶಾಂತಿ! ಕೌಜುಗದ ಹಕ್ಕಿಯೊಂದು ಕೂಗಿ ಸುಮ್ಮನಾದರೆ ಮುಂದಿನ ಕೌಜುಗ ಕೂಗುವವರೆಗೆ ಏನೂ ಇಲ್ಲ. ಅಲ್ಲಿನ ಕಾಲುದಾರಿಗಳಂತೂ ನನಗೆ ಹುಚ್ಚು ಹಿಡಿಸಿದವು. ಜನ ಮಾಡಿದ ದಾರಿ ನೆರಳಿನಿಂದ ನೆರಳಿಗೆ ಹೋಗುತ್ತಿತ್ತು. ಕುರಿ ಮಾಡಿದ ದಾರಿ ಸೊಪ್ಪು ಇದ್ದಲ್ಲಿಗೆ ಹೋಗಿ, ಸೊಪ್ಪು ಮುಗಿದಲ್ಲಿ ಮುಗಿದುಹೋಗುತ್ತಿತ್ತು. ಇದನ್ನು ಕಲಿಯುವಷ್ಟರಲ್ಲಿ ನನ್ನ ಎರಡು ಅಂಗಿ ಮುಳ್ಳಿನ ಪಾಲಾಗಿದ್ದವು.

ತೊಂದರೆ ಇದ್ದದ್ದು ಅಡವಿಯಲ್ಲಲ್ಲ, ಅಲ್ಲಿಗೆ ಹೋಗುವ ದಾರಿಯಲ್ಲಿ. ಊರ ಬಾಗಿಲಿಂದ ಹಿಡಿದು ಕೊನೆಯ ಹೊಲದವರೆಗೆ ಎದುರಾದವರೆಲ್ಲರದೂ ಒಂದೇ ಪ್ರಶ್ನೆ.

“ಎಲ್ಲಿಗಿ ಹೊಂಟೀರಿ ಸರ?”

“ಸುಮ್ನರೀ.”

“ಸುಮ್ನ ಅಂದ್ರ ಎಲ್ಲಿಗಿ?”

ಬಿ.ಎಡ್.ನಲ್ಲಿ ಇದನ್ನು ಕಲಿಸಿರಲಿಲ್ಲ, ತಲೆಯಾಡಿಸಿ ಮುಂದೆ ನಡೆಯುತ್ತಿದ್ದೆ. ಒಬ್ಬ ರೈತ ನಾನು ಏನೋ ಕಳೆದುಕೊಂಡಿದ್ದೇನೆಂದು ತಿಳಿದು, ಎಷ್ಟು ಬೇಡವೆಂದರೂ ಕೇಳದೆ, ತಾನೂ ನೆಲ ನೋಡುತ್ತ ಒಂದು ಮೈಲಿ ಬಂದ. ಇನ್ನೊಬ್ಬ ನಾನು ಹೊಲ ಕೊಳ್ಳಲು ಬಂದವನೆಂದು ತನ್ನ ದಾಯಾದಿಯ ಹೊಲ ತೋರಿಸಿ ಅದರ ದೋಷಗಳನ್ನೆಲ್ಲ ಹೇಳಿದ. ವಾರ ಕಳೆಯುವಷ್ಟರಲ್ಲಿ ಮಾಸ್ತರು ನಿಧಿ ಹುಡುಕುತ್ತಿದ್ದಾರೆ ಎಂದು ಸುದ್ದಿಯಾಯಿತು. ಒಂದು ಸಂಜೆ ನಾನು ಕುಳಿತೆದ್ದ ಹಾಸುಗಲ್ಲಿನ ಸುತ್ತ ಮರುದಿನ ಯಾರೋ ಹಾರೆ ಹಾಕಿ ಅಗೆದಿದ್ದರು.

ಆಗ ಒಂದು ಬೆಳಿಗ್ಗೆ ನಿಜಕ್ಕೂ ಅವಸರವಾಗಿ ಚೆರಿಗೆಯಲ್ಲಿ, ಅಂದರೆ ತಂಬಿಗೆಯಲ್ಲಿ, ನೀರು ತುಂಬಿಕೊಂಡು ಹೊರಟೆ. ಆ ಕಾಲದಲ್ಲಿ ನಮ್ಮ ಕಡೆ ಯಾರ ಮನೆಯಲ್ಲೂ ಪಾಯಿಖಾನೆ ಇರಲಿಲ್ಲ. ಎಲ್ಲರೂ ಚೆರಿಗೆ ಹಿಡಿದು ಬಯಲಿಗೆ ಹೋಗುವವರೇ. ಅವತ್ತು ಒಂದು ಚಮತ್ಕಾರ ನಡೆಯಿತು. ಒಬ್ಬರೂ ನನ್ನನ್ನು ಮಾತಾಡಿಸಲಿಲ್ಲ. ಎದುರಿಗೆ ಬಂದವರು ನನ್ನ ಕೈ ನೋಡಿ, ಮುಖ ಪಕ್ಕಕ್ಕೆ ತಿರುಗಿಸಿ, ದಾರಿ ಬಿಟ್ಟು ನಿಂತರು. ಚೆರಿಗೆ ಹಿಡಿದವನನ್ನು ಎಲ್ಲಿಗೆಂದು ಕೇಳಬಾರದು, ತಡೆಯಬಾರದು. ಅದು ಯಾರೂ ಕಲಿಸದೆ ಎಲ್ಲರೂ ಪಾಲಿಸುವ ಮರ್ಯಾದೆ.

ನನ್ನ ತಲೆ ಅಲ್ಲೇ ಓಡಿತು. ಅವತ್ತೇ ಸಂಜೆ ಒಂದು ಹೊಸ ಹಿತ್ತಾಳೆ ಚೆರಿಗೆ ಕೊಂಡು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಾವಿಯ ನೀರು ತುಂಬಿಕೊಂಡು ಅಡವಿಗೆ ಹೋದೆ. ನೀರು ದಾರಿಯಲ್ಲಿ ಬಾಯಾರಿದಾಗ ಕುಡಿಯಲಿಕ್ಕೆ, ಚೆರಿಗೆ ಜನಕ್ಕೆ ತೋರಿಸಲಿಕ್ಕೆ. ಅಂದಿನಿಂದ ಬೆಳಿಗ್ಗೆ ಒಂದೂವರೆ ತಾಸು, ಸಂಜೆ ಎರಡು ತಾಸು, ಭಾನುವಾರ ಹೊತ್ತು ಮುಳುಗುವವರೆಗೂ ನಾನು ರಾಜ. ಇಷ್ಟು ಜಾಣತನ ನನಗೆ ಎಲ್ಲಿಂದ ಬಂತೆಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಸ್ವಲ್ಪ ದಿನದಲ್ಲಿ ಊರಿನ ಪ್ರೀತಿ ಹೆಚ್ಚಾಗತೊಡಗಿತು. ನಾನು ಬಾಡಿಗೆಗಿದ್ದ ಮನೆಯ ಒಡತಿ, ಎಲ್ಲರೂ ಅವ್ವ ಎನ್ನುತ್ತಿದ್ದ ಮುದುಕಿ, ದಿನಾ ಒಂದು ಬಟ್ಟಲು ತೆಳ್ಳನೆ ಮಜ್ಜಿಗೆ ತಂದುಕೊಡುತ್ತಿದ್ದಳು. ಮುಂದೆ ಅದರಲ್ಲಿ ಅಜವಾನ ಬಂತು. ಅದಾದ ಮೇಲೆ ದಾಳಿಂಬೆ ಸಿಪ್ಪೆಯ ಕಷಾಯ. “ಮಾಸ್ತರ, ಕೆಂಪು ಚಟ್ನಿ ಮುಟ್ಟಬ್ಯಾಡ್ರೀ, ನಿಮಗ ಆಗಂಗಿಲ್ಲ,” ಎಂದು ತಟ್ಟೆಯಿಂದಲೇ ಎತ್ತಿಬಿಡುತ್ತಿದ್ದಳು. ಹೆಡ್‌ಮಾಸ್ತರರು ನಾನು ಕೇಳದೆಯೇ ನನ್ನ ಮೊದಲ ಪೀರಿಯಡ್ಡನ್ನು ಬೇರೆಯವರಿಗೆ ಕೊಟ್ಟು, “ನೀವು ಆರಾಮಾಗಿ ಬರ್ರಿ, ಅವಸರ ಮಾಡಬ್ಯಾಡ್ರಿ,” ಎಂದರು. ತಾಯಿಯಂಥ ಒಡತಿ, ದೇವರಂಥ ಮುಖ್ಯಸ್ಥ! ನನ್ನ ಪಾಠದ ವೈಖರಿಗೆ ಸಿಕ್ಕ ಗೌರವ ಇದೆಂದುಕೊಂಡು ನಾನು ಕಷಾಯ ಕುಡಿದೆ.

ಇದೇ ವೇಳೆಗೆ ನಮ್ಮಣ್ಣ ಮಸ್ಕಿಯಲ್ಲಿ ನನಗೊಂದು ಹೆಣ್ಣು ನೋಡಿದ. ಕಿರಾಣಿ ಅಂಗಡಿಯವರು, ಶಿವಪೂಜೆ ಮುಗಿಸದೆ ಚಹಾ ಕೂಡ ಕುಡಿಯದ ಮನೆತನ. ಹುಡುಗಿಯ ಒಂದು ಫೋಟೋ ಬಂತು. ಸ್ಟುಡಿಯೋದ ಕಾಗದದ ಹೂವಿನ ಪಕ್ಕ ನಿಂತು, ಫೋಟೋ ತೆಗೆಯುವವನು ಏನೋ ತಪ್ಪು ಮಾಡುತ್ತಿದ್ದಾನೆ, ಆದರೆ ಹೇಳುವುದು ಬೇಡ ಎಂಬಂತೆ ನೋಡುತ್ತಿದ್ದಳು. ಆ ಫೋಟೋವನ್ನು ಎಂಟನೆಯ ತರಗತಿಯ ಇತಿಹಾಸ ಪುಸ್ತಕದಲ್ಲಿ ಇಟ್ಟುಕೊಂಡೆ. ಆ ವರ್ಷ ಎಂಟನೆಯ ತರಗತಿಗೆ ಒಂದೇ ಪಾಠ ತಿಂಗಳುಗಟ್ಟಲೆ ನಡೆಯಿತು. ಸುಮ್ಮನೆ ಯಾಕೆ ಮುಚ್ಚಿಡಲಿ, ಮದುವೆಯಾದರೆ ಇವಳನ್ನೇ ಆಗಬೇಕು ಎಂದು ನನಗೆ ಅನ್ನಿಸಿಬಿಟ್ಟಿತ್ತು.

ಹೆಣ್ಣು ಕೊಡುವವರು ಹುಡುಗನ ಊರಿಗೆ ಹೇಳದೆ ಕೇಳದೆ ಬಂದು ವಿಚಾರಿಸಿ ಹೋಗುವುದು ನಮ್ಮಲ್ಲಿ ರೂಢಿ. ಹುಡುಗಿಯ ಕಾಕಾ ಹುಣಸೆಹಣ್ಣಿನ ವ್ಯಾಪಾರಿಯಂತೆ ಬಂದು ಚಹಾದಂಗಡಿಯಲ್ಲಿ ಕುಳಿತು ನನ್ನ ಬಗ್ಗೆ ಕೇಳಿದನಂತೆ. ಹದಿನೈದು ದಿನ ಕಳೆದರೂ ಮಸ್ಕಿಯಿಂದ ಸುದ್ದಿ ಇಲ್ಲ. ಹದಿನಾರನೆಯ ದಿನ ನಮ್ಮಣ್ಣ ಬಸ್ಸಿಳಿದು ಬಂದ. ಕೈಯಲ್ಲಿ ಒಂದು ಔಷಧಿ ಬಾಟ್ಲಿ.

“ಏನಲೇ ತಮ್ಮಾ, ಇಷ್ಟ ದೊಡ್ಡ ಬ್ಯಾನಿ ಇಟಗೊಂಡು ಮನ್ಯಾಗ ಒಬ್ಬರಿಗೂ ಹೇಳಿಲ್ಲಲ್ಲ!”

“ಯಾವ ಬ್ಯಾನಿ?”

“ಹೊಟ್ಟೀದು! ಮಸ್ಕಿಯವ್ರು ಒಲ್ಲೆ ಅಂದಾರ. ‘ಹುಡುಗ ಬಂಗಾರದಂತಾವ ಅಂತ ಊರ ಮಂದೆಲ್ಲ ಹೇಳ್ತಾರ. ಆದ್ರ ಚೆರಿಗಿ ಹಿಡದು ಎರಡು ಮೈಲಿ ದೂರ ಹೋಗ್ತಾನ, ದಿನಕ್ಕ ಮೂರ್ನಾಲ್ಕು ತಾಸು ಬೈಲಕಡಿಗೇ ಇರ್ತಾನಂತ. ಅಂತಾವಗ ಹುಡುಗಿ ಕೊಟ್ಟು ನಾಳೆ ಏನ್ ಮಾಡೋದು?’ ಅಂತ ಕೇಳ್ಯಾರ.”

ನಾನು ಹಾಗೆಯೇ ಕಟ್ಟೆಯ ಮೇಲೆ ಕುಳಿತೆ. ಮಜ್ಜಿಗೆ, ಅಜವಾನ, ದಾಳಿಂಬೆ ಸಿಪ್ಪೆ, ಮೊದಲ ಪೀರಿಯಡ್ಡು ಎಲ್ಲವೂ ಒಂದೊಂದಾಗಿ ಕಣ್ಣ ಮುಂದೆ ಬಂದವು. ಇಡೀ ಊರು ಆರು ತಿಂಗಳಿಂದ ನನ್ನ ಹೊಟ್ಟೆಯ ಮೇಲೆ ಮರುಕಪಡುತ್ತಿತ್ತು. ಅಣ್ಣನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು ಸುತ್ತ ನೋಡಿ ದನಿ ತಗ್ಗಿಸಿದ.

“ಸುಮ್ನ ಅಡ್ಡಾಡ್ತೀ? ಕೆಲಸ ಇಲ್ದ? ಅಡವ್ಯಾಗ?”

“ಹ್ಞೂಂ.”

“ಇದನ್ನ ಮಾತ್ರ ಯಾರ ಮುಂದೂ ಹೇಳಬ್ಯಾಡ. ಹೊಟ್ಟಿ ಅಂದ್ರ ದವಾ ಆದ್ರೂ ಐತಿ. ತಲಿ ಕೆಟ್ಟೈತಿ ಅಂದ್ರ ಹೆಣ್ಣಲ್ಲ, ಬಾಡಿಗಿ ಮನಿ ಸೈತ ಕೊಡಂಗಿಲ್ಲ.”

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಬುದ್ಧಿಗಿಂತ ಯಾವಾಗಲೂ ಒಂದು ಹೆಜ್ಜೆ ಮುಂದೆ. ನೇರ ಚಹಾದಂಗಡಿಗೆ ಹೋಗಿ, ನನ್ನ ಹೊಟ್ಟೆ ಗಟ್ಟಿಯಾಗಿದೆ, ನಾನು ಹೋಗುವುದು ಗಿಡಮರ ನೋಡಲಿಕ್ಕೆ ಎಂದು ಎಲ್ಲರ ಮುಂದೆ ಸಾರಿದೆ. ಅಂಗಡಿಯವನು ನನಗೆ ಹಾಲು ಹಾಕದ ಚಹಾ ಕೊಟ್ಟು, ಮೆಲ್ಲಗೆ ಕೇಳಿದ: “ಗಿಡ ನೋಡಾಕ ಚೆರಿಗಿ ಯಾಕ ಬೇಕ್ರೀ ಸರ?” ಒಬ್ಬ ಹಿರಿಯರು ನನ್ನ ಭುಜ ತಟ್ಟಿ, “ನಾಚಗೋಬ್ಯಾಡ್ರೀ ಮಾಸ್ತರ, ಎಲ್ಲಾರಿಗೂ ಬರೋದ ಇದು,” ಎಂದರು. ಇನ್ನು ಮಾತಾಡಿ ಉಪಯೋಗವಿಲ್ಲವೆಂದು ಎದ್ದುಬಂದೆ.

ಮುಂದಿನ ಭಾನುವಾರ ಮಧ್ಯಾಹ್ನ ಮನಸ್ಸು ಕೆಟ್ಟು ಮತ್ತೆ ಅಡವಿಗೇ ಹೋದೆ. ಹೆಸರು ಕೆಟ್ಟಾದ ಮೇಲೆ ಚೆರಿಗೆ ಯಾಕೆ ಬಿಡಬೇಕು, ಅದೂ ಜೊತೆಗಿತ್ತು. ಹುಣಸೆ ಮರದ ಕೆಳಗಿನ ಹಾಸುಗಲ್ಲಿನ ಮೇಲೆ ಕುಳಿತು, ಎರಡು ಮೈಲಿಯ ಬಿಸಿಲಿನ ಬಾಯಾರಿಕೆಗೆ ಚೆರಿಗೆ ಎತ್ತಿ ಗಟಗಟನೆ ಕುಡಿದೆ.

“ಅಯ್ಯಯ್ಯೋ ಶಿವನೇ! ಅದನ್ನ ಕುಡೀತೀರಲ್ರೀ!”

ಕಾರಿಗಿಡದ ಹಿಂದಿನಿಂದ ಒಬ್ಬ ಐವತ್ತು ವಯಸ್ಸಿನ ಮನುಷ್ಯ ಎದ್ದುನಿಂತ. ಬಿಳಿ ಧೋತರ, ಹಣೆ ತುಂಬ ವಿಭೂತಿ. ಮುಂದೆ ಬರಬೇಕೆಂದರೆ ಧೋತರ ಮುಳ್ಳಿಗೆ ಸಿಕ್ಕಿಕೊಂಡು ಬಿಡುತ್ತಿಲ್ಲ.

“ಯಾರ್ರೀ ನೀವು?”

“ಮೊದ್ಲು ಆ ಚೆರಿಗಿ ಕೆಳಗಿಡ್ರಿ, ಆಮ್ಯಾಲ ಹೇಳ್ತೀನಿ.”

“ಇದು ಬಾವಿ ನೀರ್ರೀ. ಕುಡಿಯಾಕಂತನ ತಂದೀನಿ.”

“ಹಂಗಾರ ನೀವು ಇಲ್ಲಿಗಿ ಬಂದದ್ದು...”

“ಅದಕ್ಕಲ್ರೀ.”

ಅವರ ಮುಖ ಬೆಳಗಿತು. ಮುಳ್ಳು ಬಿಡಿಸುತ್ತ ಬಿಡಿಸುತ್ತ, ತಾವು ಮಸ್ಕಿಯವರು, ಹುಡುಗಿಯ ತಂದೆ ಎಂದು ಹೇಳಿದರು. ಊರಿಂದಲೇ ನನ್ನ ಬೆನ್ನು ಹತ್ತಿದ್ದರಂತೆ. ನಡುವೆ ಕುರಿಯ ದಾರಿ ಹಿಡಿದು, ಅದು ಪೊದೆಯಲ್ಲಿ ಮುಗಿದುಹೋಗಿ, ಅಲ್ಲೇ ಸಿಕ್ಕಿಬಿದ್ದಿದ್ದರು. ಬಾಯಿ ಒಣಗಿತ್ತು. ನಾನು ಚೆರಿಗೆ ಮುಂದೆ ಮಾಡಿದೆ. ಅವರು ಕೈ ಚಾಚಿದರು, ಹಿಂದೆಗೆದುಕೊಂಡರು, ಮತ್ತೆ ಚಾಚಿದರು. ಕೊನೆಗೆ ಕಣ್ಣು ಮುಚ್ಚಿ ಶಿವಶಿವಾ ಎನ್ನುತ್ತ ತುಟಿಗೆ ತಾಗಿಸದೆ ಅಷ್ಟೂ ನೀರು ಕುಡಿದುಬಿಟ್ಟರು.

“ಮತ್ತ ಅದಕ್ಕಲ್ಲಂದ್ರ ಯಾತಕ್ಕ ಬರ್ತೀರಿ?”

ಅಣ್ಣನ ಎಚ್ಚರಿಕೆ ನೆನಪಾಯಿತು. ಆದರೆ ಸುಳ್ಳು ಹೇಳುವಷ್ಟು ಶಕ್ತಿ ಉಳಿದಿರಲಿಲ್ಲ.

“ಸುಮ್ನ ಬರ್ತೀನ್ರೀ. ಇಲ್ಲಿ ಕುಂತ್ರ ಸಮಾಧಾನ ಆಗ್ತೈತಿ.”

ಇನ್ನು ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಹಾಸುಗಲ್ಲಿನ ಇನ್ನೊಂದು ತುದಿಯಲ್ಲಿ ಕುಳಿತರು. ಹುಣಸೆಯ ಎಲೆ ಉದುರುತ್ತಿತ್ತು. ದೂರದಲ್ಲಿ ಕೌಜುಗ ಕೂಗಿತು, ನಿಂತಿತು. ಅವರು ಧೋತರದಲ್ಲಿ ಉಳಿದ ಮುಳ್ಳುಗಳನ್ನು ಒಂದೊಂದಾಗಿ ಕಿತ್ತರು. ಆಮೇಲೆ ಅವರೇ ನಿಧಾನಕ್ಕೆ ಹೇಳಿದರು:

“ನಮ್ಮ ಅಂಗಡ್ಯಾಗ ಕಣ್ಣು ತೆರದಾಗಿಂದ ಮಂದಿ ಕೇಳಾಕತ್ತಾರ ನೋಡ್ರಿ. ಬೆಲ್ಲ ಕೊಡು, ಎಣ್ಣಿ ಕೊಡು, ಬೀಡಿ ಕೊಡು. ಮೂವತ್ತು ವರ್ಷ ಆತು. ಇಲ್ಲಿ ಯಾರೂ ಏನೂ ಕೇಳವಲ್ಲರು.”

ಹೊತ್ತು ಇಳಿದ ಮೇಲೆ ಇಬ್ಬರೂ ಜನ ಮಾಡಿದ ದಾರಿಯಲ್ಲೇ ಊರ ಕಡೆ ತಿರುಗಿದೆವು. ಅವರಿಗೆ ಚಿಂತೆ ಶುರುವಾಗಿತ್ತು.

“ಮನ್ಯಾಗ ಏನಂತ ಹೇಳ್ಲಿ? ಸುಮ್ನ ಅಡ್ಡಾಡ್ತಾರ ಅಂದ್ರ ನನ್ನ ತಮ್ಮ ಬಿಲ್ಕುಲ್ ಒಪ್ಪಂಗಿಲ್ಲ. ಹೊಟ್ಟಿಬ್ಯಾನಿ ಇತ್ತು, ದವಾ ತಗೊಂಡ್ರು, ಗುಣ ಆತು ಅಂದ್ರ ಹೆಂಗ?”

“ಆಗಲ್ರೀ,” ಎಂದೆ. ಹೀಗೆ ನನಗೆ ಇಲ್ಲದ ರೋಗ ಗುಣವಾದ ಕಾರಣಕ್ಕೆ ನನ್ನ ಮದುವೆ ನಿಶ್ಚಯವಾಯಿತು. ಖುಷಿಗೆ ಕಾಲು ನೆಲದ ಮೇಲಿರಲಿಲ್ಲ. ಆದರೂ ಒಂದು ಮಾತು ಕೇಳದಿರಲು ಆಗಲಿಲ್ಲ: ಒಮ್ಮೆ ಒಲ್ಲೆ ಎಂದ ಮೇಲೆ ಇವರು ಮತ್ತೆ ಯಾಕೆ ಬಂದರು?

“ನಾ ಎಲ್ಲಿ ಬರ್ತಿದ್ದೆ. ಹುಡುಗಿ ಕಳಿಸ್ಯಾಳ. ‘ಅಪ್ಪಾ, ಹೊಟ್ಟಿ ಕೆಟ್ಟಾವ್ರು ಎರಡು ಮೈಲಿ ನಡಕೋತ ಹೋಗ್ತಾರೇನು? ಮೊದಲನೇ ಜಾಲಿಗಿಡ ಕಂಡಲ್ಲೇ ಕುಂದರ್ತಾರ. ಒಂದ್ಸಲ ನೀನ ಹೋಗಿ ನೋಡಿ ಬಾ’ ಅಂದ್ಳು.”

ನಾನು ದಾರಿಯಲ್ಲಿ ನಿಂತೇಬಿಟ್ಟೆ. ಚಹಾದಂಗಡಿಯ ಹಿರಿಯರಿಗೆ, ಅವ್ವನಿಗೆ, ಹೆಡ್‌ಮಾಸ್ತರರಿಗೆ, ನನ್ನ ಒಡಹುಟ್ಟಿದವನಿಗೆ ಹೊಳೆಯದ ಮಾತು. ಸ್ವತಃ ನನಗೇ ಹೊಳೆದಿರಲಿಲ್ಲ.

ಮದುವೆಯಾಗಿ ಅವಳು ನಾನು ಮಾಸ್ತರನಾಗಿದ್ದ ಊರಿಗೆ ಬಂದಳು. ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವಳು ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಾಗ, ಅಷ್ಟು ದೂರದ ಮಸ್ಕಿಯಲ್ಲಿ ಕುಳಿತು ಅದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವಳಿಗೆ ನಗು ಬಂತು.

“ನಾನೂ ಅದ ಮಾಡ್ತಿದ್ದೆ. ಮುಂಜಾನಿ ಚೆರಿಗಿ ತಗೊಂಡು ಗೆಳತ್ಯಾರ ಸಂಗಾಟ ಗುಡ್ಡದ ಬುಡದತನಕ ಹೋಗ್ತಿದ್ವಿ. ಕೆಲಸ ಐದು ನಿಮಿಷದ್ದು, ಬರೋದು ಒಂದು ತಾಸಿಗೆ. ಬಾರಿಹಣ್ಣು ತಿಂತಿದ್ವಿ, ಕಲ್ಲಿನ ಮ್ಯಾಲ ಕುಂದರ್ತಿದ್ವಿ. ಮನ್ಯಾಗ ಒಬ್ಬರೂ ಯಾಕ ತಡಾ ಆತು ಅಂತ ಕೇಳ್ತಿರಲಿಲ್ಲ.”

“ಹಂಗಾರ ಇಬ್ಬರೂ ಒಂದ ಶ್ಯಾಣ್ಯಾತನ ಮಾಡೀವಿ,” ಎಂದೆ ಹೆಮ್ಮೆಯಿಂದ.

ಅವಳು ಮೊರ ಕೆಳಗಿಟ್ಟಳು.

“ನಿಮ್ದು ಬ್ಯಾರೆ ರೀ. ನೀವು ಗಂಡಸ್ರು. ಮಂದಿ ನಕ್ಕರ ನಗಲಿ ಅಂತ ಬರಿಗೈಲೇ ಹೋಗಬೌದಿತ್ತು. ನಮಗ ಅದೊಂದ ನೆವ ಇತ್ತು.”

ಮರುದಿನ ಭಾನುವಾರ. ಹಾಡಹಗಲು, ಚಹಾದಂಗಡಿಯ ಮುಂದಿನಿಂದಲೇ ಅವಳನ್ನು ಕರೆದುಕೊಂಡು ಅಡವಿಗೆ ಹೋದೆ. ಇಬ್ಬರ ಕೈಯಲ್ಲೂ ಏನೂ ಇರಲಿಲ್ಲ. ಊರೆಲ್ಲ ಎದ್ದುನಿಂತು ನೋಡಿತು, ನೋಡಲಿ ಎಂದು ಬಿಟ್ಟೆ.