ಗಂಗವ್ವನಿಗೆ ಜಾಗವಿಲ್ಲದ ಅಡುಗೆಮನೆ

"ಅವ್ವಾರ, ಎಲ್ಲಾರಿಗೂ ಕುಂಡ್ರಾಕ ಜಾಗಾ ಮಾಡಿಸೀರಿ. ನಾ ಎಲ್ಲಿ ಕುಂಡ್ರಲಿ?"

ಬೆಟಗೇರಿಯ ನಮ್ಮ ಹೊಸ ಅಡುಗೆಮನೆಯ ನಡುವೆ ಜೋಳದ ಹಿಟ್ಟಿನ ಬುಟ್ಟಿ ಹಿಡಿದು ನಿಂತ ಗಂಗವ್ವ ನನ್ನನ್ನು ಕೇಳಿದಳು. ಹದಿನೆಂಟು ವರ್ಷದಿಂದ ನಮ್ಮ ಮನೆಗೆ ರೊಟ್ಟಿ ಬಡಿಯಲು ಬರುತ್ತಿದ್ದವಳು. ಹಳೆಯ ಅಡುಗೆಮನೆಯಲ್ಲಿ ಅವಳು ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದರೆ, ಸುತ್ತ ನಾವೆಲ್ಲ ಕೂತು ಅವಳ ಊರ ಸುದ್ದಿ ಕೇಳುತ್ತ ಬಿಸಿರೊಟ್ಟಿ ತಿನ್ನುತ್ತಿದ್ದೆವು. ಮನೆಮಂದಿ ಹಾಗೆ ಕೂತು ಹರಟಲಿ ಎಂದೇ ಲಕ್ಷಗಟ್ಟಲೆ ಸುರಿದು ಹೊಸದನ್ನು ಮಾಡಿಸಿದ್ದು. ನಡುವೆ ಹೊಳೆಯುವ ಕಲ್ಲಿನ ಕಟ್ಟೆ, ಸುತ್ತ ಆರು ಎತ್ತರದ ಕುರ್ಚಿ. ಅಂದು ಅವುಗಳ ಮೇಲೆ ಮಗಳ ಗಂಡನ ಮನೆಯ ಬೀಗರು ಕೂತಿದ್ದರು. ಅವರೆದುರು ನೆಲದ ಮೇಲೆ ಹಿಟ್ಟು ಚೆಲ್ಲುವುದು ನನಗೆ ಸರಿಕಾಣಲಿಲ್ಲ.

"ಹಿತ್ತಲದಾಗ, ಬಚ್ಚಲ ಕಡೆ ಒಲಿ ಇಡಿಸೇನಿ. ಅಲ್ಲೇ ಕುಂಡ್ರು," ಎಂದೆ.

ಅವಳು ಹಿತ್ತಲಿಗೆ ಹೋಗಿ ರೊಟ್ಟಿ ಬಡಿದಳು. ಬೀಗರು ಹೊಗಳಿ ಹೊಗಳಿ ತಿಂದರು. ಮರುದಿನ ಗಂಗವ್ವ ಬರಲಿಲ್ಲ. ಆಮೇಲೂ ಬರಲಿಲ್ಲ.

ಈಗ ಅಂಗಡಿಯಿಂದ ಖಡಕ್ ರೊಟ್ಟಿ ತರುತ್ತೇವೆ. ಹಸಿವಾದವರು ಬಂದು ಮುರಿದುಕೊಂಡು ತಮ್ಮ ತಮ್ಮ ಕೋಣೆಗೆ ಹೋಗುತ್ತಾರೆ. ನೆಲ ಮಾತ್ರ ಕನ್ನಡಿಯಂತಿದೆ, ಒಂದು ಚಿಟಿಕೆ ಹಿಟ್ಟೂ ಬಿದ್ದಿಲ್ಲ.