ಹಳದಿ ಮನೆಯ ಬೆಲಾರ್ಮಿನ

ನಮ್ಮ ಬಾರ್ವಾ ಊರಿನಲ್ಲಿ ಯಾರನ್ನಾದರೂ ವಿಳಾಸ ಕೇಳಿದರೆ ಬೀದಿಯ ಹೆಸರು ಹೇಳುವುದಿಲ್ಲ. ಹೆಸರುಗಳು ಇಲ್ಲವೆಂದಲ್ಲ. ಒಂದು ಕಾಲದಲ್ಲಿ ಮೂಲೆಮೂಲೆಗೂ ಫಲಕ ನೆಟ್ಟಿದ್ದರು, ಈಗ ಅವು ನಾಯಿ ಕಟ್ಟಲು ಉಪಯೋಗಕ್ಕೆ ಬರುತ್ತವೆ. ಚರ್ಚಿನಿಂದ ನೂರು ಮೀಟರ್ ಉತ್ತರಕ್ಕೆ, ಅತ್ತಿಮರದಿಂದ ಐವತ್ತು ಮೀಟರ್ ಪಶ್ಚಿಮಕ್ಕೆ, ಇದು ನಮ್ಮ ಲೆಕ್ಕ. ಅತ್ತಿಮರ ನಾನು ಹುಟ್ಟುವ ಮೊದಲೇ ಗಾಳಿಗೆ ಬಿದ್ದುಹೋಗಿದೆ. ಅದರಿಂದ ಏನೂ ತೊಂದರೆಯಾಗಿಲ್ಲ.

ನಮ್ಮ ಕೇರಿಯವರು ಮಾತ್ರ ಅಳೆಯುತ್ತಿದ್ದದ್ದು ಬೆಲಾರ್ಮಿನ ಅವರ ಹಳದಿ ಮನೆಯಿಂದ. ಉಳಿದವೆಲ್ಲ ಹಳೇ ಮಣ್ಣಿನ ಗೋಡೆಯ ಮನೆಗಳು: ಬಿಳಿ ಸುಣ್ಣ, ಕೆಳಗೆ ಮೊಣಕಾಲೆತ್ತರಕ್ಕೆ ನೀಲಿ ಪಟ್ಟಿ. ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದ ಹಾಗೆ. ಅವುಗಳ ನಡುವೆ ಇದೊಂದು ಮನೆ, ಬೆಟ್ಟದಿಂದ ಮಂಜು ಇಳಿದ ಬೆಳಿಗ್ಗೆಯೂ ಕಣ್ಣಿಗೆ ಹೊಡೆಯುವಂಥ ಹಳದಿ.

ನಾನು ಎಲಾದಿಯೋ, ಊರ ಹಬ್ಬಕ್ಕೆ ಮುಖವಾಡ ಮಾಡುವವನು. ಸೈತಾನ, ಅಸ್ಥಿಪಂಜರ, ತಾಳೆಮರದುದ್ದದ ದೈತ್ಯ ಹೆಂಗಸು, ಯಾರು ಬೇಕಾದರೂ ನನ್ನಲ್ಲಿ ಸಿಗುತ್ತಾರೆ. ಭಾನುವಾರ ರಾಜಧಾನಿಯಿಂದ ಜನ ಹಳೇ ಊರು ನೋಡಲು ಬರುತ್ತಾರೆ, ಚರ್ಚಿನ ಮುಂದೆ ಫೋಟೋ ತೆಗೆಸಿಕೊಂಡು, ಸಾಕಾದ ಮೇಲೆ ನನ್ನನ್ನು ಹುಡುಕುತ್ತಾರೆ. ‘ಹಳದಿ ಮನೆಯಿಂದ ಐವತ್ತು ಮೀಟರ್ ದಕ್ಷಿಣಕ್ಕೆ’ ಎಂದು ನನ್ನ ಬಾಗಿಲ ಮೇಲೂ, ಬಸ್ ನಿಲ್ದಾಣದಲ್ಲೂ ಬೋರ್ಡು ಹಾಕಿದ್ದೆ. ಮನೆಮಂದಿಯ ಅನ್ನ ನಿಂತದ್ದು ಆ ಬಣ್ಣದ ಮೇಲೆ.

ಆ ಹಳದಿ ಬೆಲಾರ್ಮಿನ ಅವರು ಬಯಸಿದ್ದಲ್ಲ. ಗಂಡ ಎವೆಲಿಯೋ ಕಾಫಿ ಗಿರಣಿಯ ಲಾರಿ ಓಡಿಸುತ್ತಿದ್ದರು. ಗಿರಣಿಯ ಗೇಟಿಗೆ ಬಳಿದು ಮಿಕ್ಕ ಬಣ್ಣ ಬಿಟ್ಟಿಯಾಗಿ ಸಿಕ್ಕಿತು. ಹೆಂಡತಿ ತಂಗಿಯ ಬಾಣಂತನಕ್ಕೆ ಹೋಗಿದ್ದಾಗ ಇಡೀ ಮನೆಗೆ ಬಳಿದುಬಿಟ್ಟರು. ಬೆಲಾರ್ಮಿನ ವಾಪಸ್ಸು ಬಂದವರು ಬೀದಿಯಲ್ಲೇ ಚೀಲ ಕೆಳಗಿಟ್ಟು, "ಇದು ಯಾರ ಮನೆ?" ಎಂದು ಕೇಳಿದ್ದು ಇವತ್ತಿಗೂ ಕೇರಿಯ ಬಾಯಲ್ಲಿದೆ. ಆಮೇಲೆ ನಲವತ್ತು ವರ್ಷ ಅದೇ ಜಗಳ. ಪ್ರತಿ ವರ್ಷ ಕ್ರಿಸ್ಮಸ್ಸಿಗೆ ಮುಂಚೆ ಎವೆಲಿಯೋ ಮತ್ತೆ ಹಳದಿ ಬಳಿಯುವುದು, ಇವರು ಏಣಿ ಹಿಡಿದುಕೊಂಡೇ ಬೈಯುವುದು. ಎವೆಲಿಯೋ ತೀರಿಕೊಂಡಾಗ ಅದೇ ಏಣಿಯ ಪಕ್ಕ ಕೂತು ಅತ್ತರು.

ಆಮೇಲೆ ಮೂರು ವರ್ಷ ಗೋಡೆಗೆ ಯಾರೂ ಕೈ ಹಚ್ಚಲಿಲ್ಲ. ಈ ಜನವರಿಯಲ್ಲಿ ಒಂದು ದಿನ ನಾನು ಸೈತಾನನಿಗೆ ಹಲ್ಲು ಕೂರಿಸುತ್ತಿದ್ದಾಗ ಬೆಲಾರ್ಮಿನ ಬಂದು ನಿಂತರು.

"ಎಲಾದಿಯೋ, ಮನೆಗೆ ಬಣ್ಣ ಹೊಡಿಸ್ತಾ ಇದೀನಿ."

"ಒಳ್ಳೇದಾಯ್ತು ದೋನ್ಯಾ," ಎಂದೆ. ಹಿರಿಯ ಹೆಂಗಸರನ್ನು ನಾವು ಕರೆಯುವುದೇ ಹಾಗೆ. " ಹಳದಿ ಮಾಸಿ ಹೋಗಿತ್ತು."

"ಹಳದಿ ಅಲ್ಲ. ಬಿಳಿ. ಕೆಳಗೆ ನೀಲಿ ಪಟ್ಟಿ. ನಮ್ಮಮ್ಮನ ಮನೆ ಹಾಗಿತ್ತು."

ಹಲ್ಲು ನನ್ನ ಕೈಯಿಂದ ಜಾರಿತು. "ಊರೆಲ್ಲ ಬಿಳಿ-ನೀಲಿನೇ ಅಲ್ವಾ? ಆಮೇಲೆ ನನ್ನ ಅಂಗಡಿ ಎಲ್ಲಿರತ್ತೆ?"

"ಇರೋ ಕಡೇನೇ ಇರತ್ತೆ. ಅದಕ್ಕೇನು ಕಾಲು ಬಂದಿದ್ಯಾ?"

ಭಾನುವಾರ ಪೂಜೆ ಮುಗಿಸಿಕೊಂಡು ಕೇರಿಯೆಲ್ಲ ದೋನ್ ನೌತಿಲ್ಯೋನ ಕಿರಾಣಿ ಅಂಗಡಿಯಲ್ಲಿ ಸೇರಿತು. ಸೇರಿಸಿದವನು ನಾನೇ. ನೌತಿಲ್ಯೋಗೆ ಇದರಲ್ಲೂ ವ್ಯಾಪಾರ ಕಂಡಿತು.

"ನನ್ನ ಅಂಗಡಿಗೆ ಹಳದಿ ಬಳಿಸ್ತೀನಿ. ಇಲ್ಲಿಂದ ಅಳೀರಿ," ಎಂದ.

"ಆಹಾ, ಆಗ ನನ್ನ ನೂರು ಮೀಟರ್ ನೂರ ಅರವತ್ತಾಗತ್ತೆ," ಎಂದಳು ಹೊಲಿಗೆಯ ಒಫೀಲಿಯ. "ಲಿಮೋನ್‌ನಲ್ಲಿರೋ ನಮ್ಮಕ್ಕನಿಗೆ ಈ ವಿಳಾಸ ಬಾಯಿಪಾಠ ಮಾಡಿಸೋಕೇ ಹತ್ತು ವರ್ಷ ಹಿಡೀತು. ಅವಳು ಪಕ್ಕದ ಮನೇಲಿ ಹೋಗಿ ಊಟಕ್ಕೆ ಕೂತ್ಕೊಳ್ಳೋದು ನಾನು ನೋಡ್ಬೇಕಾ?"

ಅಷ್ಟರಲ್ಲಿ ಬೆಲಾರ್ಮಿನ ಅವರೇ ಉಪ್ಪು ತೆಗೆದುಕೊಳ್ಳಲು ಬಂದರು. ಎಲ್ಲರೂ ಅವರೆಯ ಮೂಟೆ ನೋಡತೊಡಗಿದರು.

"ಬಿದ್ದುಹೋದ ಅತ್ತಿಮರದಿಂದ ಇನ್ನೂ ಅಳೀತೀರಿ. ನನ್ನ ಮನೆ ಬಿದ್ದೂ ಇಲ್ಲ," ಎಂದರು. "ಈ ಆಗಸ್ಟಿಗೆ ನನಗೆ ಎಪ್ಪತ್ತು. ಎವೆಲಿಯೋ ಒಳ್ಳೆಯವನು, ಅವನ ಮೇಲೆ ನನಗೆ ದೂರಿಲ್ಲ. ಆದ್ರೆ ಇಷ್ಟು ವರ್ಷ ಅವನ ಬಣ್ಣದೊಳಗೆ ಬದುಕಿದೆ. ಮಿಕ್ಕಿರೋ ನಾಲ್ಕು ದಿನ ನನ್ನ ಬಣ್ಣದಲ್ಲಿರ್ತೀನಿ. ಬಾಗಿಲು ತಟ್ಟೋರೆಲ್ಲ ಇದೇನಾ ಹಳದಿ ಮನೆ ಅಂತ ಕೇಳ್ತಾರೆ. ಒಳಗಿರೋಳು ಯಾರು ಅಂತ ಇವತ್ತಿನವರೆಗೆ ಒಬ್ರೂ ಕೇಳಿಲ್ಲ."

ನೌತಿಲ್ಯೋ ಉಪ್ಪಿಗೆ ದುಡ್ಡು ತೆಗೆದುಕೊಳ್ಳಲಿಲ್ಲ, ಅವನ ಜನ್ಮದಲ್ಲಿ ಅದೇ ಮೊದಲು.

ಫೆಬ್ರುವರಿಯ ಬಿಸಿಲಲ್ಲಿ ಮನೆ ಬಿಳಿಯಾಯಿತು. ನೀಲಿ ಪಟ್ಟಿಯನ್ನು ಮಾತ್ರ ಬಣ್ಣದವನಿಗೆ ಬಿಡದೆ ಬೆಲಾರ್ಮಿನ ಅವರೇ ಗಿಡ್ಡ ಸ್ಟೂಲಿನ ಮೇಲೆ ಕೂತು ಎಳೆದರು. ಅದು ಬಾಗಿಲ ಹತ್ತಿರ ಒಂದು ಗೇಣು ಮೇಲಕ್ಕೆ ಹೋಗಿದೆ, ಕಿಟಕಿಯ ಕೆಳಗೆ ಇಳಿದಿದೆ. ಮುಗಿದ ಮೇಲೆ ರಸ್ತೆಯ ಆಚೆ ನಿಂತು ಎಷ್ಟೋ ಹೊತ್ತು ನೋಡಿದರು. ಆಮೇಲೆ ಕೊಟ್ಟಿಗೆಯಲ್ಲಿ ಉಳಿದಿದ್ದ ಹಳದಿ ಡಬ್ಬಿಯನ್ನು ನನ್ನ ಅಂಗಡಿಗೆ ತಂದು ಕುಕ್ಕಿದರು.

"ನಿಮ್ಮ ಸೈತಾನಗಳಿಗೆ ಬಳೀರಿ. ನನ್ನ ಕಣ್ಣಿಗೆ ಮಾತ್ರ ಬೀಳಬಾರದು."

ಮುಂದಿನ ಭಾನುವಾರ ಅಂಗಡಿಗೆ ಒಂದು ನೊಣವೂ ಬರಲಿಲ್ಲ. ಹಳದಿ ಮನೆ ಹುಡುಕಿಕೊಂಡು ಹೊರಟ ಒಂದು ಕುಟುಂಬ ಬಿಳಿ ಗೋಡೆಗಳ ನಡುವೆ ಸುತ್ತಿ ಸುತ್ತಿ ಕೊನೆಗೆ ಪಾದ್ರಿಯವರ ಅಡುಗೆಮನೆ ಹೊಕ್ಕಿತಂತೆ. ನಾನು ಉರಿದುಹೋದೆ. ನೆಟ್ಟಗೆ ಹೋಗಿ ಬೆಲಾರ್ಮಿನ ಅವರ ಬಾಗಿಲಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ.

"ಆಯ್ತಾ?" ಎಂದರು. "ಕೆಡಿಸಿದ್ದು ನಾನು, ಸರಿ ಮಾಡೋದೂ ನಾನೇ. ಬಣ್ಣ ಬಿಟ್ಟು ಬೇರೆ ಏನು ಬೇಕಾದ್ರೂ ಕೇಳಿ."

ಅದರ ಮುಂದಿನ ಭಾನುವಾರ ಬೆಳಿಗ್ಗೆ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತರು. ಪಕ್ಕದಲ್ಲಿ ಬಿಸಿ ಬೆಲ್ಲದ ನೀರಿನ ಹೂಜಿ, ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ. ತಬ್ಬಿಬ್ಬಾಗಿ ನಿಂತವರನ್ನು ಕಂಡರೆ ಸಾಕು, "ಬನ್ನಿ ಮಕ್ಕಳೇ, ಯಾರು ಬೇಕಿತ್ತು?" ಎಂದು ಕರೆಯುವುದು. ಬಂದವರು ಮೆಟ್ಟಿಲ ಮೇಲೆ ಕೂತು ರೊಟ್ಟಿ ತಿಂದು, ತಮ್ಮ ಅತ್ತೆಯ ಮಂಡಿನೋವಿಗೆ ಮದ್ದು ಕೇಳಿಕೊಂಡು, ಆಮೇಲೆ ನನ್ನಲ್ಲಿಗೆ ಬರುತ್ತಿದ್ದರು. ಹೊಟ್ಟೆ ತುಂಬಿದವರು ಚೌಕಾಸಿ ಕಡಿಮೆ ಮಾಡುತ್ತಾರೆ. ವ್ಯಾಪಾರ ಮೊದಲಿಗಿಂತ ಚೆನ್ನಾಯಿತು, ಆದರೆ ಅದನ್ನು ಅವರ ಮುಂದೆ ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಮೇ ತಿಂಗಳ ಮಳೆ ಶುರುವಾದಾಗ ಕುರ್ಚಿ ಸೂರಿನ ಕೆಳಗೆ ಸರಿಯಿತೇ ಹೊರತು ಒಳಗೆ ಹೋಗಲಿಲ್ಲ. ಆ ಹೊತ್ತಿಗೆ ಲಾಟರಿ ಮಾರುವವನು ಬಸ್ ನಿಲ್ದಾಣದಲ್ಲಿ, "ಬೆಲಾರ್ಮಿನ ಅವರಿಂದ ಎಪ್ಪತ್ತೈದು ಮೀಟರ್ ಪೂರ್ವಕ್ಕೆ," ಎನ್ನತೊಡಗಿದ್ದ. ಗ್ಯಾಸಿನವನೂ ಹಾಗೇ. ಒಫೀಲಿಯ ತನ್ನ ಅಕ್ಕನಿಗೆ ಫೋನಿನಲ್ಲಿ ಹೊಸ ವಿಳಾಸ ಬಾಯಿಪಾಠ ಮಾಡಿಸುವುದು ಬೀದಿಗೆಲ್ಲ ಕೇಳುತ್ತಿತ್ತು. ನಾನೊಬ್ಬ ಮಾತ್ರ ಬೋರ್ಡು ಬದಲಿಸಲಿಲ್ಲ. ಬೆಲಾರ್ಮಿನ ನನ್ನ ಅಂಗಡಿಯ ಮುಂದೆ ಹಾದು ಹೋಗುವಾಗಲೆಲ್ಲ ಅದರತ್ತ ಒಮ್ಮೆ ನೋಡುತ್ತಿದ್ದರು. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಕೇಳಲೇ ಇಲ್ಲ.

ಜುಲೈಯಲ್ಲಿ ಒಂದು ಭಾನುವಾರ ಕುರ್ಚಿ ಖಾಲಿ ಇತ್ತು. ಜ್ವರವೆಂದು ಮಲಗಿದ್ದರು. ನಾನು ಮುಖವಾಡದ ಅಂಟಿಗೆ ಹಿಟ್ಟು ತರಲು ಹೊರಟಿದ್ದೆ. ಒಬ್ಬಳು ಹೆಂಗಸು ಮಳೆಯಲ್ಲಿ ಕೊಡೆ ಹಿಡಿದು ನಿಂತು, ಹೊಲಿಗೆಯವರ ಮನೆ ಎಲ್ಲಿ ಎಂದು ಕೇಳಿದಳು.

"ಬೆಲಾರ್ಮಿನ ಅವರಿಂದ ನೂರು ಮೀಟರ್ ಉತ್ತರಕ್ಕೆ," ಎಂದೆ.

ಯೋಚಿಸಿ ಹೇಳಿದ್ದಲ್ಲ, ಬಾಯಿ ತಾನಾಗಿ ಹೇಳಿತು. ಆ ಖಾಲಿ ಕುರ್ಚಿ ಕಂಡು ನನಗೆ ನಿಜವಾಗಿ ಭಯವಾಯಿತು. ಹಿಟ್ಟು ಮರೆತು ಒಳಗೆ ಹೋಗಿ ನೋಡಿದೆ. ಹೊದ್ದುಕೊಂಡು ಕೂತು ಸಾರು ಕುಡಿಯುತ್ತಿದ್ದರು. "ಏನು, ಮತ್ತೆ ಬೈಯೋಕೆ ಬಂದ್ರಾ?" ಎಂದರು. ಸಮಾಧಾನವಾಯಿತು.

ಆಗಸ್ಟಿನಲ್ಲಿ ಊರಿನ ಸಂತನ ಹಬ್ಬ. ಮುಖವಾಡಗಳು ಬೀದಿಗಿಳಿಯುವ ದಿನ ಬೆಳಿಗ್ಗೆ ಎರಡೂ ಬೋರ್ಡುಗಳ ಹಳೇ ಅಕ್ಷರ ಕೆರೆದು ಹೊಸದಾಗಿ ಬರೆದೆ: ‘ಬೆಲಾರ್ಮಿನ ಸಾರಾತೆ ಅವರಿಂದ ಐವತ್ತು ಮೀಟರ್ ದಕ್ಷಿಣಕ್ಕೆ’. ಸೈತಾನಗಳೆಲ್ಲ ಕೆಂಪು-ಕಪ್ಪು ಬಣ್ಣ ಕುಡಿದು ಮುಗಿಸಿದ್ದವು. ಅಂಗಡಿಯಲ್ಲಿ ಉಳಿದಿದ್ದದ್ದು ಒಂದೇ ಡಬ್ಬಿ.

ಬಣ್ಣ ಒಣಗುವ ಮೊದಲೇ ಅವರು ಬಂದರು. ತಲೆ ಬಾಚಿ, ಹಬ್ಬದ ಬಟ್ಟೆ ಉಟ್ಟಿದ್ದರು. ಬಾಗಿಲ ಮೇಲಿನ ಬೋರ್ಡನ್ನು ತುಟಿ ಅಲ್ಲಾಡಿಸುತ್ತ ಓದಿದರು.

"ಎಲಾದಿಯೋ, ಇದು ಹಳದಿ."

"ನೀವೇ ಕೊಟ್ಟ ಡಬ್ಬಿ, ದೋನ್ಯಾ. ಮಿಕ್ಕಿತ್ತು."

"ಅವನೂ ಹೀಗೇ ಅಂದಿದ್ದ. ಮಿಕ್ಕಿತ್ತು ಅಂತ." ಕಣ್ಣು ಒರೆಸಿಕೊಂಡರು, ಮರೆಮಾಡಲಿಲ್ಲ. "ಗೋಡೆ ಮೇಲೆ ನೋಡೋಕಾಗ್ತಿರಲಿಲ್ಲ. ಹೆಸರಿಗೆ ಇರಲಿ ಬಿಡಿ. ಎವೆಲಿಯೋನೂ ಎಲ್ಲಾದ್ರೂ ಇರ್ಬೇಕಲ್ಲ."

ಚೌಕದ ಕಡೆಯಿಂದ ಬ್ಯಾಂಡಿನವರ ಡೋಲು ಕೇಳುತ್ತಿತ್ತು. ಬೆಲಾರ್ಮಿನ ಕುರ್ಚಿಗೆ ಮರಳಿ ಹೂಜಿ ಹತ್ತಿರ ಎಳೆದುಕೊಂಡರು. ಬಸ್ ಇಳಿದು ಬಂದ ಒಬ್ಬ ಯುವಕ, ಹೆಂಡತಿಯ ಕೈ ಹಿಡಿದು, ಬಿಳಿ ಮನೆಗಳ ಸಾಲನ್ನು ಉದ್ದಕ್ಕೂ ನೋಡಿ ಅವರ ಮುಂದೆ ನಿಂತ.

"ಅಮ್ಮಾ, ಮುಖವಾಡದ ಅಂಗಡಿಗೆ ಬೆಲಾರ್ಮಿನದಿಂದ ಐವತ್ತು ಮೀಟರ್ ಅಂತ ಬೋರ್ಡಲ್ಲಿದೆ. ಬೆಲಾರ್ಮಿನ ಅಂದ್ರೆ ಏನು, ಹೋಟೆಲ್ಲಾ?"

ಅವರು ರೊಟ್ಟಿಯ ಬಟ್ಟೆ ಬಿಚ್ಚಿದರು.

"ನಾನು," ಎಂದರು. "ಕೂತ್ಕೊಳ್ಳಿ."